ಹೊಸ ಉದ್ದಿಮೆಯೂ ನಮ್ಮ ಮಕ್ಕಳೂ

(ಹುಲಗೋಳದಲ್ಲಿ ಸೇರಿದ್ದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲ ಹಿಡಿಯುವ ಹೊತ್ತಿಗೆ ಈ ಕಡೆಯ ಯಾವ ತೋಟಕ್ಕೆ ಹೋದರೂ ಕೊಳೆರೋಗದ ಮದ್ದು ತಯಾರಾಗುತ್ತಿರುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬೆರೆಸಿದ ಮೇಲೆ ಅನುಭವಸ್ಥರು ಉಜ್ಜಿ ತೊಳೆದ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಈಗ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ತೆರೆಯಿರಿ. ಕಬ್ಬಿಣದ ಮೊಳೆಯನ್ನು ಮೈಲುತುತ್ತಿನ ನೀರಿನಲ್ಲಿ ಇಳಿಬಿಡುವ ಪ್ರಯೋಗ ಅಲ್ಲಿದೆ. ಆ ಮೊಳೆಗೆ ಆಗುವುದೂ ಈ ಚೂರಿಗೆ ಆಗುವುದೂ ಒಂದೇ. ನೀರಿನಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ತಂದೆ ತೋಟದಲ್ಲಿ ಮಾಡುವುದನ್ನೇ ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದಾಳೆ. ಇದನ್ನು ಇಬ್ಬರಿಗೂ ಯಾರೂ ಹೇಳಿಲ್ಲ.

ಆ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆಯನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಮೇಲೆ ಬರೆದರು. ಎಲ್ಲಿಯ ದ್ರಾಕ್ಷಿ, ಎಲ್ಲಿಯ ಅಡಿಕೆ! ನಡುವೆ ಒಬ್ಬ ತಿಳಿದವನು ಇದ್ದುದರಿಂದ ಅದು ನಮ್ಮ ಮರದ ತುದಿಯನ್ನು ಮುಟ್ಟಿತು.

ನಾನು ಹೇಳಬೇಕೆಂದಿರುವುದು ಇಷ್ಟೆ. ನಮ್ಮ ಹುಡುಗರಿಗೆ ಬುದ್ಧಿಯ ಕೊರತೆಯಿಲ್ಲ, ಪರಿಚಯದ ಕೊರತೆಯಿದೆ. ಬೆಂಗಳೂರಿನ ದೊಡ್ಡ ಮನೆಯ ಹುಡುಗನಿಗೆ ಚಿಕ್ಕಪ್ಪನೊಬ್ಬ ಕಂಪನಿಯಲ್ಲಿರುತ್ತಾನೆ, ಅತ್ತೆಯೊಬ್ಬಳು ಪ್ರಯೋಗಶಾಲೆಯಲ್ಲಿರುತ್ತಾಳೆ. ಗಿರಣಿಯಲ್ಲಿ ಚೀಲ ಹೊರುವವನ ಮಗನಿಗೆ ಯಾರಿದ್ದಾರೆ? ನನ್ನ ಮಾತನ್ನೇ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಓದಿದರೆ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೇ ಸೇರುವ ದಾರಿಯಿದೆ ಎಂದು ನನಗೆ ಗೊತ್ತಾದದ್ದು ಮೀಸೆ ಬಲಿತ ಮೇಲೆ. ಆಗ ಗೊತ್ತಾಗಿ ಏನು ಬಂತು?

ಸ್ಟಾರ್ಟಪ್ ಎಂಬ ಮಾತನ್ನು ಕೇಳಿ ಹೆದರಬೇಡಿರಿ. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ಕೂಡಿ ತಮ್ಮ ಮಾರಾಟ ಸಂಘವನ್ನು ಕಟ್ಟಿದಾಗ ಅದಕ್ಕೆ ಈ ಹೆಸರಿರಲಿಲ್ಲ, ಕೆಲಸ ಅದೇ. ಬಂಟ್ವಾಳದ ಕಡೆಯ ಅಡಿಕೆ ಬೆಳೆಗಾರ ಗಣಪತಿ ಭಟ್ಟರು ಮರ ಹತ್ತುವ ಯಂತ್ರವನ್ನು ಮಾಡಿದ ಸುದ್ದಿ 2019ರಲ್ಲಿ ದೇಶವೆಲ್ಲ ಹಬ್ಬಿತು. ಅಗತ್ಯ ಅವರದು, ಅದಕ್ಕೆ ಬೇಕಾದ ವಿದ್ಯೆಗೆ ಇಂಜಿನಿಯರರೊಬ್ಬರ ನೆರವು. ಇಬ್ಬರ ಭೇಟಿಯಾಗದಿದ್ದರೆ ಯಂತ್ರವಿಲ್ಲ. ಇಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಎಂಬ ಸಂಸ್ಥೆ ಇಂಥ ಭೇಟಿಗಳಿಗೆಂದೇ ಇದೆ. ಕೇಂದ್ರ ಸರಕಾರವೂ 2016ರಿಂದ ಆಯ್ದ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್‌ಗೆಂದು ಇಪ್ಪತ್ತು ಲಕ್ಷ ರೂಪಾಯಿಯವರೆಗೆ ಕೊಡುತ್ತ ಬಂದಿದೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಅಲ್ಲಿ ತಾವೇ ಕೈಹಾಕಿ ಉಪಕರಣ ಮಾಡಬಹುದು. ಬೀಗ ಹಾಕಿಟ್ಟರೆ ಮಾತ್ರ ಅದೂ ಒಂದು ಕಪಾಟೇ.

ಇಲ್ಲಿ ಕುಳಿತ ಅಕ್ಕಂದಿರ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ತಿಳಿದಿದೆ. ಸುಲಿಯುವ ಯಂತ್ರ ಬಂತು, ಮೆಟ್ಟುಗತ್ತಿಯ ಕೂಲಿ ಹೋಯಿತು. ಇನ್ನೂ ಯಂತ್ರ ಬೇಕೆ? ನ್ಯಾಯವಾದ ಪ್ರಶ್ನೆ. ನಾವು ಬೇಡವೆಂದರೂ ಯಂತ್ರ ಬರುತ್ತದೆ. ಕೊನೆಗೌಡ ಒದ್ದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡುದನ್ನು ಕಂಡವರು ಎಲ್ಲ ಯಂತ್ರವನ್ನೂ ಬೇಡವೆನ್ನಲಾರರು. ನೆಲದ ಮೇಲೆ ನಿಂತೇ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಆದರೆ ಅದನ್ನು ಮಾಡುವವರು, ರಿಪೇರಿ ಮಾಡುವವರು, ಅದರ ಲಾಭವನ್ನು ಎಣಿಸುವವರು ಯಾರು? ಆ ಸಾಲಿನಲ್ಲಿ ಸುಲಿಯುವವಳ ಮಗಳೂ ಇರಬೇಕು. ಅದಕ್ಕೇ ಈ ಮಾತು.

ಹೆಚ್ಚು ಖರ್ಚಿನ ಕೆಲಸವನ್ನು ನಾನು ಕೇಳುತ್ತಿಲ್ಲ. ತಿಂಗಳಿಗೊಂದು ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗೋಣ: ಒಮ್ಮೆ ವರ್ಕ್‌ಶಾಪಿನ ಲೇಥ್ ಎದುರಿಗೆ, ಒಮ್ಮೆ ಅಕ್ಕಿ ಗಿರಣಿಯ ಮೋಟಾರಿನ ಬಳಿಗೆ, ಒಮ್ಮೆ ಶಿರಸಿಯ ಅರಣ್ಯ ಕಾಲೇಜಿಗೆ. ಊರಿಂದ ಹೋಗಿ ಇಂಜಿನಿಯರರೋ ನರ್ಸೋ ಆದವರು ಹಬ್ಬಕ್ಕೆ ಬಂದಾಗ ಒಂದು ಗಂಟೆ ಶಾಲೆಯಲ್ಲಿ ಕೂರಲಿ. ಎಷ್ಟು ಫೀ ಕೊಟ್ಟೆವು, ಎಲ್ಲಿ ನಪಾಸಾದೆವು ಎಂಬುದನ್ನೂ ಮುಚ್ಚಿಡದೆ ಹೇಳಲಿ. ಹೊಸ ವ್ಯಾಪಾರ ತೆಗೆದ ಅಂಗಡಿಕಾರ ಮಿತ್ರರು ತಮ್ಮ ಲೆಕ್ಕದ ಪುಸ್ತಕವನ್ನು ಮಕ್ಕಳಿಗೆ ತೋರಿಸಲಿ. ಗಣಿತದ ಉಪಯೋಗ ಅಲ್ಲಿ ಕಂಡಷ್ಟು ಕಪ್ಪುಹಲಗೆಯ ಮೇಲೆ ಕಾಣದು.

ಲೇಥ್ ಎದುರಿಗೆ ಒಮ್ಮೆಗೆ ಎಷ್ಟು ಮಕ್ಕಳು ಅಪಾಯವಿಲ್ಲದೆ ನಿಲ್ಲಬಹುದು? ವರ್ಕ್‌ಶಾಪಿನವರು ಈ ಸಭೆಯಲ್ಲಿಯೇ ಇದ್ದಾರೆ. ನನ್ನ ಮಾತು ಮುಗಿಯಿತು, ಈಗ ಅವರು ಎದ್ದು ಹೇಳಲಿ.