ತಿಂಗಳ ಲೆಕ್ಕ ತಪ್ಪಿದಾಗ

(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ 25 ವರ್ಷದ ಸಾಧನೆಯನ್ನು ನಮಗಿಂತ ಮುಂಚೆ ಮಾತಾಡಿದವರು ವಿವರವಾಗಿ ತಿಳಿಸಿದ್ದಾರೆ. ಹೆಂಗಸರ ಆರೋಗ್ಯದ ಮೇಲೆ ಎರಡು ಮಾತು ಹೇಳಿ ಎಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡರು. ನಾವು ಎಸ್.ಎಸ್.ಎಲ್.ಸಿ. ಓದಿ ಬೇಸಾಯಕ್ಕೆ ನಿಂತವರು, ಡಾಕ್ಟರಲ್ಲ. ಆರೋಗ್ಯ ಕೇಂದ್ರದ ಡಾಕ್ಟರಮ್ಮನವರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇವೆ. ವಿಷಯ ಮುಟ್ಟಿನದು. ಗಂಡಸರು ಕೂತಿದ್ದಾರೆ ಅಂತ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಹಸು ಬೆದೆಗೆ ಬಂದ ಸುದ್ದಿಯನ್ನು ಇದೇ ಡೈರಿ ಮುಂದೆ ನಿಂತು ಎಲ್ಲರೂ ಗಟ್ಟಿಯಾಗೇ ಮಾತಾಡುತ್ತೇವಲ್ಲ!

ಹಸು 21 ದಿನಕ್ಕೊಮ್ಮೆ, ಎರಡು ಮೂರು ದಿನ ಆಚೀಚೆ, ಬೆದೆಗೆ ಬರುತ್ತದೆ. ಅದರ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುತ್ತೇವೆ. ಒಂದು ಬೆದೆ ತಪ್ಪಿತು ಅಂದರೆ ಪಶುವೈದ್ಯರಿಗೆ ಫೋನು. ಅದೇ ನಮ್ಮನ್ನು ಡಾಕ್ಟರು "ಹಿಂದಿನ ಮುಟ್ಟು ಯಾವತ್ತಾಯಿತು?" ಅಂತ ಕೇಳಿದರೆ "ಗೌರಿ ಹಬ್ಬದ ಹತ್ತಿರ ಇರಬೇಕು ಕಣಮ್ಮ" ಅನ್ನುತ್ತೇವೆ. ತಾರೀಖೇ ಗೊತ್ತಿಲ್ಲದ ಮೇಲೆ ಲೆಕ್ಕ ತಪ್ಪಿದೆಯೋ ಇಲ್ಲವೋ ಹೇಳುವುದು ಹೇಗೆ?

ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. 28 ದಿನಕ್ಕೇ ಆಗಬೇಕೆಂಬ ಕಾಯಿದೆ ಏನಿಲ್ಲ. ದೊಡ್ಡವರಿಗೆ 21ರಿಂದ 35 ದಿನದೊಳಗೆ ಬಂದು, ಎರಡರಿಂದ ಏಳು ದಿನದಲ್ಲಿ ನಿಂತರೆ ಸರಿಯೇ. ಜ್ವರ ಬಂದಾಗ, ಮನೆಯಲ್ಲಿ ಸಾವು ನೋವಾದಾಗ, ಸುಗ್ಗಿಯಲ್ಲಿ ನಿದ್ದೆಗೆಟ್ಟಾಗ ಒಂದು ತಿಂಗಳು ಹಿಂದುಮುಂದಾದರೆ ಗಾಬರಿ ಬೇಡ.

ಮೈನೆರೆದ ಹುಡುಗಿಯರಿಗೆ ಮೊದಲ ಎರಡು ಮೂರು ವರ್ಷ ಲೆಕ್ಕ ಸರಿಯಾಗಿ ಕೂರುವುದಿಲ್ಲ, 45 ದಿನದವರೆಗೂ ಹೋಗುವುದುಂಟು. ಆದರೆ 15 ತುಂಬಿದರೂ ದೊಡ್ಡವಳಾಗದಿದ್ದರೆ, ಇಲ್ಲವೇ ಶುರುವಾದದ್ದು ಮೂರು ತಿಂಗಳು ಬಾರದೇ ಹೋದರೆ ತೋರಿಸಬೇಕು. ಮುಟ್ಟು ತಪ್ಪುವುದರ ಜೊತೆಗೆ ಗಲ್ಲದ ಮೇಲೆ ಕೂದಲು, ಮೊಡವೆ, ಮೈ ದಪ್ಪ ಆಗುತ್ತಿದ್ದರೆ ಈಗ ಎಲ್ಲರ ಬಾಯಲ್ಲಿರುವ ಪಿ.ಸಿ.ಓ.ಡಿ. ಇರಬಹುದು. "ಮದುವೆ ಆದರೆ ಸರಿಹೋಗುತ್ತೆ" ಅಂತ ಹಿರಿಯರು ಹೇಳುವುದನ್ನು ನಾವು ಒಪ್ಪುವುದಿಲ್ಲ. ತಾಳಿ ಕಟ್ಟಿದರೆ ಥೈರಾಯಿಡ್ ಸರಿಹೋಗುತ್ತದೆಯೇ?

ಮದುವೆಯಾದವರಿಗೆ ಮುಟ್ಟು ನಿಂತರೆ ಮೊದಲು ಬಸಿರೇ ಎಂದು ನೋಡಿಸಬೇಕು, ಪರೀಕ್ಷೆಯ ಕಿಟ್ಟು ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ. ಹಾಲುಣಿಸುವ ತಾಯಂದಿರಿಗೆ ಕೆಲವು ತಿಂಗಳು ಮುಟ್ಟು ಬಾರದಿರುವುದು ಸಹಜ, ಆದರೂ ಮುಟ್ಟು ಬರುವುದಕ್ಕೆ ಮೊದಲೇ ಬಸಿರು ನಿಲ್ಲಬಹುದು. ಕಾಪರ್-ಟಿ ಹಾಕಿಸಿಕೊಂಡರೆ ಕೆಲವರಿಗೆ ಹೆಚ್ಚು ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಇಂಜೆಕ್ಷನ್ ತೆಗೆದುಕೊಂಡವರಿಗೆ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ತಾರೀಖು ದಾಟಿ, ಆಮೇಲೆ ಸ್ವಲ್ಪ ಸ್ವಲ್ಪ ರಕ್ತ ಕಂಡು, ಕಿಬ್ಬೊಟ್ಟೆ ಒಂದು ಪಕ್ಕ ನೋವು, ತಲೆ ಸುತ್ತು ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಬಹುದು. ಅದು ಒಡೆದರೆ ಜೀವಕ್ಕೆ ಅಪಾಯ. 108ಕ್ಕೆ ಫೋನು ಮಾಡಿ ಹೊರಡಬೇಕು.

ಇನ್ನು ಹೆಚ್ಚು ಹೋಗುವ ವಿಚಾರ. ಗಂಟೆಗೊಂದು ಬಟ್ಟೆಯೋ ಪ್ಯಾಡೋ ನೆನೆದು, ಹಾಗೆ ಎರಡು ಮೂರು ಗಂಟೆ ನಡೆದರೆ ಅವತ್ತೇ ಆಸ್ಪತ್ರೆ. ದೊಡ್ಡ ದೊಡ್ಡ ಗಡ್ಡೆ ಹೋಗುವುದು, ಎಂಟು ಹತ್ತು ದಿನ ನಿಲ್ಲದಿರುವುದು, ಎರಡು ಮುಟ್ಟಿನ ನಡುವೆ ಕಾಣಿಸಿಕೊಳ್ಳುವುದು, ಇವನ್ನು ಆ ತಿಂಗಳೊಳಗೇ ತೋರಿಸಬೇಕು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಹುಲ್ಲಿನ ಹೊರೆ ಎತ್ತಿದರೆ ಕಣ್ಣು ಕತ್ತಲೆ, ಕೇಳಿದರೆ "ವಯಸ್ಸಾಯ್ತು ಬಿಡಿ" ಅಂತೀವಿ. 35ಕ್ಕೆ ಎಂಥಾ ವಯಸ್ಸು?

ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ನಲವತ್ತು ದಾಟಿದವರಿಗೆ. ನಾವೂ ಆ ಸಾಲಿನವರೇ. ಈ ವಯಸ್ಸಿನಲ್ಲಿ ಏನಾದರೂ "ಇದು ನಿಲ್ಲೋ ಕಾಲ, ಹೀಗೇ ಇರುತ್ತೆ" ಎಂದು ಸುಮ್ಮನಾಗುತ್ತೇವೆ. ನಿಲ್ಲುವ ಕಾಲದಲ್ಲಿ ಮುಟ್ಟು ದೂರ ದೂರ ಆಗುವುದು ಸಹಜ. ಹೆಚ್ಚು ಹೆಚ್ಚು ಹೋಗುವುದು ಸಹಜವಲ್ಲ. ಒಂದು ವರ್ಷ ಪೂರ್ತಿ ನಿಂತು ಆಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಗಂಡ ಹೆಂಡಿರು ಕೂಡಿದ ಮೇಲೆ ರಕ್ತ ಕಂಡರೂ ಹಾಗೆಯೇ. ಬಹಳ ಜನಕ್ಕೆ ಅದು ಸಣ್ಣ ಕಾರಣವೇ ಆಗಿರುತ್ತದೆ. ಕ್ಯಾನ್ಸರ್ ಆಗಿದ್ದರೆ ಬೇಗ ಕಂಡಷ್ಟೂ ವಾಸಿಯಾಗುವ ದಾರಿ ಇದೆ.

ಇದರ ಇನ್ನೊಂದು ಮಗ್ಗುಲೂ ಇದೆ. ನಮ್ಮ ವಾರಗಿತ್ತಿಗೆ 36ನೇ ವಯಸ್ಸಿನಲ್ಲಿ ತಿಂಗಳಿಗೆ ಎರಡು ಸಲ ಆಗುತ್ತಿತ್ತು. ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ನೋಡಿ "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂದರಂತೆ. ಹಸು ಮಾರಿ ದುಡ್ಡೂ ಹೊಂದಿಸಿದ್ದರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯಿಡ್ ಕಡಿಮೆ ಇದ್ದದ್ದು ಗೊತ್ತಾಯಿತು. ಮಾತ್ರೆಯಲ್ಲಿ ನಾಲ್ಕೈದು ತಿಂಗಳಿಗೆ ಹತೋಟಿಗೆ ಬಂತು. ಹಸು ಮಾತ್ರ ಹೋಗಿತ್ತು! ಗರ್ಭಕೋಶದ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿಗೆ ತೆಗೆದರೆ ಮೂಳೆ ಬೇಗ ಸವೆಯುತ್ತದೆ. ಬಿಹಾರ, ಛತ್ತೀಸಗಢ, ರಾಜಸ್ಥಾನದಲ್ಲಿ ಬೇಡದ ಕಡೆಯೂ ಇಂಥ ಆಪರೇಷನ್ ಮಾಡಿದ ದೂರು ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶವಾಯಿತು. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಬಂದ ಯಶಸ್ವಿನಿ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾಯಿತು. ಅದು ಒಳ್ಳೆಯದೇ. ಆದರೆ ಕಾರ್ಡು ಇದೆ ಎಂಬುದು ಆಪರೇಷನ್ನಿಗೆ ಕಾರಣವಾಗಬಾರದು. ದೊಡ್ಡ ಗಡ್ಡೆಗೋ ಕ್ಯಾನ್ಸರಿಗೋ ಬೇಕೇ ಬೇಕು ಅಂದರೆ ಹೆದರದೆ ಮಾಡಿಸಿಕೊಳ್ಳಿ. ತುರ್ತಿಲ್ಲದಿದ್ದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿ. ಮಾತ್ರೆಯಲ್ಲಿ ಆಗುತ್ತದೆಯೇ, ಅಂಡಾಶಯ ಉಳಿಸುತ್ತೀರಾ ಎಂದು ಬಾಯಿಬಿಟ್ಟು ಕೇಳಿ.

ಹಬ್ಬಕ್ಕೆ, ಗೃಹಪ್ರವೇಶಕ್ಕೆ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುವವರಿದ್ದಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತೊಂದರೆ ಹಿಂದೆ ಆಗಿದ್ದವರಿಗೆ, ಲಿವರ್ ಕಾಯಿಲೆಯವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಮೂರು ತಿಂಗಳ ತಾರೀಖು, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಬಟ್ಟೆ, ಯಾವ ಮಾತ್ರೆ ನುಂಗುತ್ತಿದ್ದೀರಿ, ಇಷ್ಟು ಬರೆದುಕೊಂಡು ಹೋಗಿ. ಹಾಲಿನ ಪಾಸ್‌ಬುಕ್ಕಿನ ಹಿಂದಿನ ಹಾಳೆ ಖಾಲಿಯೇ ಇರುತ್ತದೆ, ಅಲ್ಲೇ ಬರೆದರೂ ಆಯಿತು. ಓದು ಬಾರದ ತಾಯಂದಿರು ಮಗಳ ಕೈಲೋ ಸೊಸೆ ಕೈಲೋ ಕ್ಯಾಲೆಂಡರಿಗೆ ಗೀಟು ಹಾಕಿಸಲಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಬರೆಸಿಕೊಂಡು ತಾಲ್ಲೂಕು ಆಸ್ಪತ್ರೆ. ಒಬ್ಬರೇ ಹೋಗಲು ಸಂಕೋಚವಾದರೆ ನಮ್ಮನ್ನು ಕರೆಯಿರಿ, ಬೆಳಗಿನ ಹಾಲು ಹಾಕಿದ ಮೇಲೆ ನಾವು ಜೊತೆಗೆ ಬರುತ್ತೇವೆ.