ಕರಾರಿಗೆ ಸಹಿ ಹಾಕುವ ಮುಂಚೆ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಬಂದಿರುವ ಪ್ರೀತಿಯ ಸಹೋದರಿಯರೇ,

ವಾರದ ಉಳಿತಾಯ, ಸಾಲ ಅಂತ ನಾವು ಸಂಘ ಶುರು ಮಾಡಿದೆವು. ಈಗ ಸರ್ಕಾರದ ಕೆಲಸವೇ ನಮ್ಮ ಕೈಗೆ ಬರುತ್ತಿದೆ. ಅಂಗನವಾಡಿ ಆಹಾರ ಸರಬರಾಜಿಗೆ ಗುತ್ತಿಗೆದಾರರು ಬೇಡ, ಸ್ವಸಹಾಯ ಸಂಘ, ಮಹಿಳಾ ಮಂಡಳಿಗಳಿಗೆ ಆದ್ಯತೆ ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಸ್ವಚ್ಛ ಭಾರತದ ಎರಡನೇ ಹಂತ 2020ರಲ್ಲಿ ಆರಂಭವಾದ ಮೇಲೆ ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳು ಕಸದ ಕೆಲಸಕ್ಕೆ ಸಂಜೀವಿನಿ ಒಕ್ಕೂಟಗಳ ಜೊತೆ ಒಡಂಬಡಿಕೆ ಮಾಡಿಕೊಂಡಿವೆ. ಸ್ವಚ್ಛವಾಹಿನಿ ಗಾಡಿಯನ್ನು ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ಇದು ನಮಗೆ ಹೆಮ್ಮೆ.

ಆದರೆ ದುಡಿದರೆ ಮಾತ್ರ ಸಾಲದು. ಫಲ ನೋಡಿ ಹಣ ಕೊಡುವ ಕರಾರಿನಲ್ಲಿ ಲೆಕ್ಕ ಇಲ್ಲದಿದ್ದರೆ ದುಡಿಮೆಯೂ ಇಲ್ಲ. ಮೂರು ಮಾತು ನೆನಪಿಡೋಣ.

ಮೊದಲನೆಯದು, ಅಳತೆ. "ಊರು ಸ್ವಚ್ಛವಾಗಿರಬೇಕು" ಅಂತ ಬರೆದರೆ ಅದನ್ನು ಅಳೆಯೋರು ಯಾರು? ಎಷ್ಟು ಮನೆ, ವಾರಕ್ಕೆ ಎಷ್ಟು ದಿನ, ಹಸಿ ಕಸ ಒಣ ಕಸ ಬೇರೆ ಮಾಡಿಸೋದು ಯಾರ ಹೊಣೆ, ಹಣ ಯಾವ ತಾರೀಖಿಗೆ ಎಂದು ಸ್ಪಷ್ಟವಾಗಿ ಬರೆಸಿ. ಗಾಡಿ ಕೆಟ್ಟರೆ, ಡೀಸೆಲ್ ಸಿಗದಿದ್ದರೆ ಯಾರು ಜವಾಬ್ದಾರಿ ಅನ್ನೋದೂ ಬರಬೇಕು. ನಮ್ಮ ಕೈಲಿ ಇಲ್ಲದ್ದಕ್ಕೆ ನಮ್ಮ ಕೂಲಿ ಹಿಡಿಯಬಾರದು ಅಲ್ವೇ?

ಎರಡನೆಯದು, ದಿನದ ಪುಸ್ತಕ. ಹೋದ ಬೀದಿ, ಕಸ ಕೊಟ್ಟ ಮನೆ, ಗಾಡಿ ನಿಂತ ದಿನ, ಎಲ್ಲವನ್ನೂ ಅವತ್ತೇ ಬರೆಯಿರಿ. ತಿಂಗಳಿಗೊಮ್ಮೆ ಪಿಡಿಒ ಸಹಿ ಪಡೆಯಿರಿ. ಬಿಲ್ಲು ನಿಂತರೆ ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಆಗಲೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಕೊಟ್ಟ 30 ದಿನದೊಳಗೆ ಅವರು ಮಾಹಿತಿ ಕೊಡಬೇಕು.

ಮೂರನೆಯದು, ಕಡೆಯ ಮನೆ. ಲೆಕ್ಕ ತುಂಬಿಸೋ ಆತುರದಲ್ಲಿ ರಸ್ತೆ ಪಕ್ಕದ ಮನೆಗಳನ್ನೇ ಸುತ್ತಿ, ದೂರದ ಹಟ್ಟಿ, ಕಾಲೋನಿ ಬಿಟ್ಟುಬಿಡೋ ಆಸೆ ಬರುತ್ತೆ. ಹೋಗದ ಮನೆಗೆ ಹೋದೆವು ಅಂತ ಬರೆಯೋ ಆಸೆಯೂ ಬರುತ್ತೆ. ಹಂಗೆ ಮಾಡಿದರೆ ಹಳೇ ಗುತ್ತಿಗೆದಾರನಿಗೂ ನಮಗೂ ಏನು ವ್ಯತ್ಯಾಸ? ಅತ್ಯಂತ ಚಿಕ್ಕವರಿಗೆ ಮಾಡಿದ್ದೇ ದೇವರಿಗೆ ಮಾಡಿದ್ದು ಎಂದು ನಾವು ನಂಬುತ್ತೇವೆ.

ಆದ್ದರಿಂದ ಸಹೋದರಿಯರೇ, ಕರಾರನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಓದು ಬಾರದ ಅಕ್ಕನಿಗೂ ಅರ್ಥವಾದ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆದು, ಆಮೇಲೆ ಸಹಿ ಹಾಕೋಣ.