ಬಾಡಿಗೆ ಗೋಡೆಗೆ ಒಂದು ಹಕ್ಕಿ

(ಸಂಘದ ಸ್ನೇಹಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡಿ ಅಭ್ಯಾಸ ಇರುವವನಲ್ಲ. ಶಾರ್ಜಾದಲ್ಲಿ ಫೋಟೋ ಪ್ರಿಂಟ್ ಹಾಕಿ ಫ್ರೇಮ್ ಕಟ್ಟುವ ಅಂಗಡಿಯಲ್ಲಿ ಕೆಲಸ. ವಿಲ್ಲಾ, ಹೋಟೆಲ್ ಲಾಬಿ, ಕ್ಲಿನಿಕ್ ಅಂತ ಎಲ್ಲ ಕಡೆಗೂ ಚಿತ್ರ ಕಟ್ಟಿ ಕೊಡ್ತೀವಿ. "ರೂಮು ಶಾಂತವಾಗಿ ಕಾಣಬೇಕು, ಒಂದು ಹಕ್ಕಿ ಫೋಟೋ ಕೊಡಿ" ಅಂತ ಕೇಳಿಕೊಂಡು ಬರುವ ಗಿರಾಕಿಗಳು ಬಹಳ. ಅದರ ಬಗ್ಗೆಯೇ ಹತ್ತು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ.

ಆದರೆ ವಿಲ್ಲಾದವರ ಗೋಡೆಗೆ ಸಲಹೆ ಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ನಮ್ಮ ಗೋಡೆಯ ಮಾತಾಡ್ತೀನಿ. ನಾಲ್ಕೋ ಆರೋ ಜನ ಹಂಚಿಕೊಂಡಿರುವ ರೂಮು, ಒಂದರ ಮೇಲೊಂದು ಮಂಚ, ಬಾಗಿಲ ಹಿಂದೆ ಡ್ಯೂಟಿ ಬಟ್ಟೆ, ಟ್ರಾವೆಲ್ಸ್‌ನವರು ಕೊಟ್ಟ ಕ್ಯಾಲೆಂಡರ್. ಅಷ್ಟೇ. ಯಾಕೆ ಏನೂ ಹಾಕಿಲ್ಲ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಇನ್ನೊಂದು ವರ್ಷ ಅಷ್ಟೇ ಕಣ್ರೀ, ಆಮೇಲೆ ಊರಿಗೆ ಹೋಗೋದೇ." ಆ ಒಂದು ವರ್ಷ ಹತ್ತು ವರ್ಷ ಆದವರು ಈ ಸಭೆಯಲ್ಲೇ ಇದ್ದೀರಿ. ಊರಲ್ಲಿ ಕಟ್ಟುವ ಮನೆಗೆ ಟೈಲ್ಸ್ ಯಾವುದು, ಬಣ್ಣ ಯಾವುದು ಅಂತ ಫೋನಿನಲ್ಲೇ ಆರಿಸ್ತೀವಿ. ನಾವು ದಿನಾ ಮಲಗಿ ಏಳುವ ಗೋಡೆ ಮಾತ್ರ ಖಾಲಿ.

ಚಿತ್ರ ಹಾಕಿದರೆ ಏನಾಗುತ್ತೆ ಅಂತ ಕೇಳಬಹುದು. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ ಒಂದು ವರದಿ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಜನಕ್ಕೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನು 23 ಜನಕ್ಕೆ ಬರೀ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಅದು ಕಿಟಕಿಯ ವಿಷಯ, ಫೋಟೋದ ವಿಷಯವಲ್ಲ. ಫೋಟೋ ಹಾಕಿದರೆ ಸಕ್ಕರೆ ಕಾಯಿಲೆ, ಬಿಪಿ ಇಳಿಯುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ಮಲಗಿದವನ ಕಣ್ಣು ಎಲ್ಲಿ ಹೋಗಿ ಕೂರುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ ಅಂತ ಅದರಿಂದ ಗೊತ್ತಾಗುತ್ತೆ. ನಮ್ಮ ಎಷ್ಟೋ ರೂಮುಗಳ ಕಿಟಕಿ ತೆರೆದರೆ ಕಾಣೋದು ಪಕ್ಕದ ಬಿಲ್ಡಿಂಗಿನ ಏಸಿ ಡಬ್ಬಿಗಳೇ ತಾನೇ?

ಸರಿ, ಯಾವ ಚಿತ್ರ? ಅಂಗಡಿಯಲ್ಲಿ ಮೊದಲು ಎಲ್ಲರ ಕೈ ಹೋಗೋದು ಹದ್ದು ಮೀನು ಹಿಡಿಯುವ ಚಿತ್ರಕ್ಕೆ. ಭೇಷ್ ಅನ್ನಿಸುತ್ತೆ, ನಿಜ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವವನ ತಲೆಯ ಹತ್ತಿರ ದಿನಾ ಒಂದು ಬೇಟೆ ಯಾಕೆ? ಹಕ್ಕಿ ಚಿಕ್ಕದಾಗಿದ್ದು ಸುತ್ತ ಜಾಗ ಜಾಸ್ತಿ ಇರುವ ಚಿತ್ರ ಆರಿಸಿ. ಮಂಜು, ನೀರು, ಬರೀ ಆಕಾಶ, ಒಂದು ಒಣ ಕೊಂಬೆ, ಅದರ ಮೇಲೆ ಒಂದೇ ಹಕ್ಕಿ. ಹಕ್ಕಿ ಯಾವ ಕಡೆ ನೋಡುತ್ತಿದೆಯೋ ಆ ಕಡೆ ಖಾಲಿ ಜಾಗ ಇರಬೇಕು. ಇಕ್ಕಟ್ಟಾದ ರೂಮಿಗೆ ಆ ಖಾಲಿ ಜಾಗವೇ ಬೇಕಾಗಿರೋದು. ಬಣ್ಣವೂ ಎರಡು ಮೂರು ಇದ್ದರೆ ಸಾಕು.

ಎರಡನೆಯದು, ನಿಮಗೆ ಪರಿಚಯ ಇರುವ ಹಕ್ಕಿ ಹಾಕಿ. ನಮ್ಮ ಮದ್ದೂರು ಕಡೆಯವರಿಗೆ ಕೊಕ್ಕರೆ ಬೆಳ್ಳೂರು ಗೊತ್ತು. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ. ಶ್ರೀರಂಗಪಟ್ಟಣದವರಿಗೆ ರಂಗನತಿಟ್ಟು ಇದೆ. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮ ಆಯಿತು. ಇಲ್ಲಿನ ಹಕ್ಕಿಯೇ ಬೇಕು ಅನ್ನುವವರಿಗೆ ದುಬೈ ಖೋರಿನ ತುದಿಯಲ್ಲಿ ರಾಸ್ ಅಲ್ ಖೋರ್ ಇದೆ. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ಕೆಸರು ನೀರಿನಲ್ಲಿ ರಾಜಹಂಸಗಳ ಹಿಂಡು.

ನನ್ನನ್ನು ಕೇಳಿದರೆ ನೀಲಕಂಠ ಅಂತೀನಿ. ನಮ್ಮ ಕರ್ನಾಟಕದ ರಾಜ್ಯ ಪಕ್ಷಿ. ಇಲ್ಲಿಯ ಪಾರ್ಕುಗಳಲ್ಲಿ, ರಸ್ತೆ ಬದಿಯ ದೀಪದ ಕಂಬದ ಮೇಲೆ ಕೂತಿರೋದೂ ಅದೇ ಹಕ್ಕಿ. ಅಲ್ಲಿಂದ ವಲಸೆ ಬಂದದ್ದಲ್ಲ. ಅಲ್ಲಿಯೂ ಅದರ ಮನೆ, ಇಲ್ಲಿಯೂ ಅದರ ಮನೆ. ಸುಮ್ಮನೆ ಕೂತಾಗ ಕಂದು ಬಣ್ಣದ ಸಾದಾ ಹಕ್ಕಿ, ರೆಕ್ಕೆ ಬಿಚ್ಚಿದರೆ ಎರಡೆರಡು ಥರದ ನೀಲಿ. ನಾಳೆ ಬಸ್ಸಿಗೆ ಕಾಯುವಾಗ ಒಂದು ಸಲ ತಲೆ ಎತ್ತಿ ನೋಡಿ. ಗೋಡೆಯ ಮೇಲಿರುವ ಹಕ್ಕಿಯನ್ನು ಹೊರಗೆ ಕಂಡಾಗ ಈ ಊರು ಸ್ವಲ್ಪ ಪರಿಚಯದ್ದು ಅನ್ನಿಸುತ್ತೆ.

ಗೂಡಿನ ಹತ್ತಿರ ಹೋಗಿ ಮರಿಗಳನ್ನು ಬೆದರಿಸಿ ತೆಗೆದ ಚಿತ್ರ ಬೇಡ. ತಾಯಿ ಹಕ್ಕಿ ಗೂಡು ಬಿಟ್ಟು ಹೋದರೆ ಮರಿಗಳ ಗತಿ ಏನು? ಅಂಥ ಚಿತ್ರ ಎಷ್ಟು ಚೆಂದ ಇದ್ದರೂ ಅದರಲ್ಲಿ ಶಾಂತಿ ಎಲ್ಲಿಂದ ಬರಬೇಕು?

ಈಗ ನನ್ನ ಕಸುಬಿನ ಮಾತು. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬಂದ ಫೋಟೋ ದೊಡ್ಡದು ಮಾಡಿಸಬೇಡಿ, ಒಡೆದು ಕಾಣುತ್ತೆ. ತೆಗೆದವರ ಒಪ್ಪಿಗೆ ಕೇಳಿ, ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ. ಎ3 ಅಳತೆಗೆ, ಅಂದರೆ 42 ಸೆಂಟಿಮೀಟರ್ ಉದ್ದ 30 ಅಗಲಕ್ಕೆ, ಸುಮಾರು 5000 ಇಂಟು 3500 ಪಿಕ್ಸೆಲ್ ಇದ್ದರೆ ಹತ್ತಿರದಿಂದಲೂ ಚೊಕ್ಕವಾಗಿ ಬರುತ್ತೆ. ಮಂಚದಿಂದ ನೋಡೋಕೆ ಅದರ ಅರ್ಧ ಇದ್ದರೂ ನಡೆಯುತ್ತೆ. ಮೊಬೈಲಿನಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಅಷ್ಟು ಹೊಳೆಯಲ್ಲ, ಅದಕ್ಕೆ ಮೊದಲು ಒಂದು ಚಿಕ್ಕ ಪ್ರಿಂಟ್ ತೆಗೆಸಿ ನೋಡಿ. ಮ್ಯಾಟ್ ಕಾಗದ ಕೇಳಿ, ಗ್ಲಾಸಿ ಆದರೆ ಹಕ್ಕಿಗಿಂತ ಟ್ಯೂಬ್‌ಲೈಟೇ ಹೆಚ್ಚು ಕಾಣುತ್ತೆ. ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತೆ.

ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಹಾಕ್ತಾರೆ. ಅದು ನಿಂತು ನೋಡುವವರ ಲೆಕ್ಕ. ನಾವು ನೋಡೋದು ಕೂತು, ಮಲಗಿ. ಸ್ವಲ್ಪ ಕೆಳಗೇ ಹಾಕಿ. ಮಂಚದ ಮೇಲೆ ಗಾಜಿನ ಫ್ರೇಮ್ ಖಂಡಿತ ಬೇಡ, ಅಕ್ರಿಲಿಕ್ ಸಾಕು. ಮೊಳೆ ಹೊಡೆಯಲು ಬಿಡದ ಕಡೆ ಅಂಟುಪಟ್ಟಿ ಸಿಗುತ್ತೆ. ಅದು ಎಷ್ಟು ತೂಕ ತಡೆಯುತ್ತೆ ಅಂತ ಪೊಟ್ಟಣದ ಮೇಲೆ ನೋಡಿ, ಗೋಡೆಯ ಧೂಳು ಒರೆಸಿ ಅಂಟಿಸಿ. ಏನೇ ಇರಲಿ, ಮೊದಲು ಕ್ಯಾಂಪ್ ಬಾಸ್‌ಗೋ ಮನೆ ಮಾಲೀಕರಿಗೋ ಒಂದು ಮಾತು ಕೇಳಿ, ಡಿಪಾಸಿಟ್ ಹಣದ ವಿಷಯ.

ಎಲ್ಲಕ್ಕಿಂತ ಮುಖ್ಯ, ರೂಮಿನವರನ್ನು ಕೇಳಿ. ಒಬ್ಬರು ದೇವರ ಪಟ ಇಟ್ಟಿರುತ್ತಾರೆ, ಒಬ್ಬರು ಅಲ್ಲೇ ನಮಾಜ್ ಮಾಡುತ್ತಾರೆ. ಜೀವ ಇರುವ ಪ್ರಾಣಿ, ಪಕ್ಷಿಗಳ ಚಿತ್ರ ಪ್ರಾರ್ಥನೆಯ ಜಾಗದಲ್ಲಿ ಬೇಡ ಅನ್ನುವ ನಂಬಿಕೆ ಅನೇಕರದ್ದು. ಅವರು ಮುಖ ಮಾಡಿ ನಿಲ್ಲುವ ಗೋಡೆ ಬಿಟ್ಟು ಬೇರೆ ಗೋಡೆ ನೋಡಿ, ಅದೂ ಇಷ್ಟವಿಲ್ಲ ಅಂದರೆ ಬರೀ ಕೆರೆ, ಮರದ ಚಿತ್ರ ಹಾಕಿ. ರಾತ್ರಿ ಪಾಳಿಯವರ ಕಣ್ಣಿಗೆ ಯಾವುದು ಹಿತ ಅಂತ ಅವರನ್ನೇ ಕೇಳಿ. ಆರು ಜನ ಕೂತು ಒಂದು ಚಿತ್ರ ಆರಿಸಿದರೆ ಅರ್ಧ ಶಾಂತಿ ಅಲ್ಲೇ ಬಂತು. ಜಗಳ ಆಡಿ ಹಾಕಿದ ಹಕ್ಕಿಯಿಂದ ಯಾರಿಗೂ ನೆಮ್ಮದಿ ಸಿಗಲ್ಲ.

ಖರ್ಚು ಅಂತ ಹಿಂಜರಿಯಬೇಡಿ. ಆರು ಜನ ಹಂಚಿಕೊಂಡರೆ ಒಂದೊಂದು ಊಟದ ದುಡ್ಡೂ ಆಗಲ್ಲ. ಊರಿಗೆ ಹೋಗುವಾಗ ಫ್ರೇಮಿನಿಂದ ಬಿಡಿಸಿ ಸುರುಳಿ ಸುತ್ತಿದರೆ ಬ್ಯಾಗಿನಲ್ಲಿ ಕೂರುತ್ತೆ, ಲಗೇಜ್ ತೂಕವೂ ಏರಲ್ಲ. ಅಥವಾ ಅಲ್ಲೇ ಬಿಟ್ಟು ಬನ್ನಿ, ಮುಂದೆ ಆ ಮಂಚಕ್ಕೆ ಬರುವ ಹುಡುಗನ ಮೊದಲ ರಾತ್ರಿಗೆ ಖಾಲಿ ಗೋಡೆ ಇರೋದಿಲ್ಲ.

ಊರಿನ ಮನೆ ಕಟ್ಟೋಣ, ಬಿಡೋದು ಬೇಡ. ಆದರೆ ನಾವು ಬದುಕುತ್ತಿರುವ ವರ್ಷಗಳೂ ನಮ್ಮವೇ. ಅವುಗಳಿಗೂ ಒಂದು ಚಿತ್ರ ಹಾಕೋಣ.

 ಸಿರಿಗನ್ನಡಂ ಗೆಲ್ಗೆ.